ಕಲಾ ವಿಮರ್ಶಕರ ಕಾಲೆಳೆಯಲು ಹಾಡು ಆರಿಸುವುದು ಹೇಗೆ?

ಕಳೆದ ವರ್ಷ ಮಡಿಕೇರಿಯಲ್ಲಿ ಚಿತ್ರಕಲೆ ಮೇಷ್ಟ್ರೊಬ್ಬರ ಬೀಳ್ಕೊಡುಗೆ ಇತ್ತು. ಪತ್ರಿಕೆಗಳಿಗೆ ಕಲಾ ವಿಮರ್ಶೆಯನ್ನೂ ಬರೆಯುತ್ತಿದ್ದವರು. ಭಾಷಣ ಬೇಡ, ಅವರ ಬದುಕಿಗೆ ಒಪ್ಪುವಂಥ ಹಾಡು ಹಾಕಿ ಸ್ವಲ್ಪ ನಗೋಣ ಅಂತ ಶಿಷ್ಯರು ತೀರ್ಮಾನಿಸಿದರು. ಪಟ್ಟಿ ಮಾಡಿಕೊಟ್ಟವನು ನಾನು. ಅವತ್ತಿನಿಂದ ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ ಎಲ್ಲ ಕಡೆಯಿಂದ ಒಂದೇ ಪ್ರಶ್ನೆ: "ನಮ್ಮಲ್ಲೂ ಒಬ್ಬರು ವಿಮರ್ಶಕರಿದ್ದಾರೆ, ಆ ಪಟ್ಟಿ ಕಳಿಸ್ತೀರಾ?"

ಪಟ್ಟಿ ಕಳಿಸಿದರೆ ಪ್ರಯೋಜನ ಇಲ್ಲ. ಒಬ್ಬರ ಅಳತೆಗೆ ಹೊಲಿದ ಅಂಗಿ ಇನ್ನೊಬ್ಬರಿಗೆ ಆಗುವುದಿಲ್ಲ ಅಲ್ವಾ? ಅದಕ್ಕೇ ಅಳತೆ ತೆಗೆಯುವ ಕ್ರಮವನ್ನೇ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಹುಡುಕಬೇಕಾಗಿರುವುದು ತಮಾಷೆಯ ಹಾಡನ್ನಲ್ಲ. ಹಾಡು ಗಂಭೀರವಾಗಿಯೇ ಇರಲಿ. ಅದನ್ನು ಯಾವ ಸಂದರ್ಭದ ಪಕ್ಕ ಇಡುತ್ತೀರಿ ಅನ್ನುವುದರಲ್ಲಿ ನಗು ಇದೆ.

ಏನೇನು ಬೇಕು?

ಒಂದು ಹಾಳೆ, ಪೆನ್ನು. ಆ ವಿಮರ್ಶಕರು ಬರೆದ ನಾಲ್ಕೈದು ವಿಮರ್ಶೆಗಳು. ಅವರ ಮನೆಯವರಲ್ಲಿ ಒಬ್ಬರ ಜೊತೆ ಅರ್ಧ ಗಂಟೆ ಮಾತು. ಹಾಡು ತುಂಬಿಸಿಟ್ಟುಕೊಳ್ಳಲು ಜಾಗ ಇರುವ ಫೋನು. ಮತ್ತೆ ಎರಡು ಸಂಜೆ. ಕಾರ್ಯಕ್ರಮದ ದಿನ ಬೆಳಿಗ್ಗೆ ಕೂತು ಮಾಡಿದ ಪಟ್ಟಿ ಯಾವತ್ತೂ ಮದುವೆ ಮನೆಯ ಹಿನ್ನೆಲೆ ಸಂಗೀತದ ಥರ ಆಗಿಬಿಡುತ್ತದೆ.

1. ಹಾಡು ಬದಿಗಿಡಿ, ದಿನಚರಿ ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಕಲೆ ಅಂದ ಕೂಡಲೇ ಬಣ್ಣ, ಚಿತ್ರ, ಕುಂಚ ಅನ್ನುವ ಪದ ಇರುವ ಹಾಡು ಹುಡುಕಲು ಹೊರಡುತ್ತಾರೆ. 'ಬಂಧನ' ಸಿನಿಮಾದ 'ಬಣ್ಣ ನನ್ನ ಒಲವಿನ ಬಣ್ಣ' ಎಲ್ಲರ ಪಟ್ಟಿಯಲ್ಲೂ ಮೊದಲನೇದು. ಹಾಡು ಚೆನ್ನಾಗಿದೆ, ಬೇಡ ಅನ್ನುವುದಿಲ್ಲ. ಆದರೆ ಯಾರೂ ನಗುವುದಿಲ್ಲ. ಬಣ್ಣ ಹಚ್ಚುವವರು ಕಲಾವಿದರು. ವಿಮರ್ಶಕರ ಕೆಲಸ ಬೇರೆ.

ಆ ಕೆಲಸ ಏನು ಅಂತ ಹಂತ ಹಂತವಾಗಿ ಬರೆಯಿರಿ. ಆಮಂತ್ರಣ ಬರುತ್ತದೆ. ಕೊಡಗಿಗೆ ರೈಲಿಲ್ಲ, ಆದ್ದರಿಂದ ಬಸ್ಸು. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್, ಪ್ರದರ್ಶನ ಬೆಂಗಳೂರಿನಲ್ಲಿದ್ದರೆ ಇನ್ನೂ ಅಷ್ಟು ದೂರ. ತಲುಪುವಾಗ ಉದ್ಘಾಟನೆ ಮುಗಿದಿರುತ್ತದೆ. ಆಮೇಲೆ ಚಿತ್ರದ ಎದುರು ನಿಲ್ಲುವುದು. ಇದನ್ನು ಒಮ್ಮೆ ಹತ್ತಿರದಿಂದ ನೋಡಿ. ಗಲ್ಲಕ್ಕೆ ಕೈ ಹೋಗುತ್ತದೆ. ಎರಡು ಹೆಜ್ಜೆ ಹಿಂದೆ. ಕನ್ನಡಕ ಹಣೆಗೆ ಏರುತ್ತದೆ. ಮೂರು ಹೆಜ್ಜೆ ಮುಂದೆ. ಮೂಗು ಚಿತ್ರಕ್ಕೆ ತಾಗುವಷ್ಟು ಬಗ್ಗಿ, ಕೊನೆಗೆ ಪಕ್ಕದ ಚೀಟಿಯಲ್ಲಿ ಬೆಲೆ ಎಷ್ಟು ಅಂತ ನೋಡುತ್ತಾರೆ. ಅಷ್ಟರಲ್ಲಿ ಕಲಾವಿದರು ಬಂದು "ಹೇಗಿದೆ ಸರ್?" ಅನ್ನುತ್ತಾರೆ.

ನಂತರ ಕಾಫಿ, ಬೋಂಡ. ಕಲಾವಿದರ ಹೇಳಿಕೆ ಓದುವುದು, ಅಂದರೆ ತಮ್ಮ ಚಿತ್ರದ ಬಗ್ಗೆ ಕಲಾವಿದರೇ ಬರೆದು ಗೋಡೆಗೆ ಅಂಟಿಸಿದ ಹಾಳೆ. ಮನೆಗೆ ಬಂದು ಬರೆಯುವುದು. ಸಂಪಾದಕರು ಅರ್ಧ ಕತ್ತರಿಸುವುದು. ಪ್ರಕಟವಾದ ಮರುದಿನ ಬರುವ ಫೋನು. ಮೂರು ತಿಂಗಳ ಮೇಲೆ ಬರುವ, ಅಥವಾ ಬಾರದ, ಗೌರವಧನ.

ಇಷ್ಟು ಸಾಕು. ಹತ್ತು ಹನ್ನೆರಡು ಸಂದರ್ಭ ಸಿಕ್ಕಿತು. ಇನ್ನು ಒಂದೊಂದಕ್ಕೆ ಒಂದು ಹಾಡು.

2. ಪಲ್ಲವಿಯಿಂದ ಹೊಂದಿಸಿ

ಪಲ್ಲವಿ ಅಂದರೆ ಹಾಡಿನ ಮೊದಲ, ಮತ್ತೆ ಮತ್ತೆ ಬರುವ ಸಾಲು. ಚರಣ ಅಂದರೆ ಅದರ ನಂತರದ ನುಡಿಗಳು. ಸಭೆ ಕೇಳಿಸಿಕೊಳ್ಳುವುದು ಪಲ್ಲವಿಯನ್ನು ಮಾತ್ರ. ಹತ್ತು ಸೆಕೆಂಡಿನಲ್ಲಿ ನಗು ಬರಬೇಕು. ಮೂರನೇ ಚರಣದಲ್ಲಿ ಅಡಗಿರುವ ಜೋಕನ್ನು ಯಾರೂ ಕಾಯುವುದಿಲ್ಲ.

ನನ್ನ ಅನುಭವದಲ್ಲಿ ಸೋಲದ ಕೆಲವು ಜೋಡಿಗಳು ಹೇಳುತ್ತೇನೆ.

ತಡವಾಗಿ ತಲುಪಿದ್ದಕ್ಕೆ ಕೆ.ಎಸ್. ನರಸಿಂಹಸ್ವಾಮಿಯವರ 'ರಾಯರು ಬಂದರು ಮಾವನ ಮನೆಗೆ'. ರಾಯರು ಬರುವಾಗ ರಾತ್ರಿಯಾಗಿರುತ್ತದೆ, ನೋಡಬೇಕಾದವರು ಕಾಣಿಸುವುದಿಲ್ಲ. ಬಸ್ಸಿಳಿದು ಓಡಿ ಬಂದರೆ ಕಲಾವಿದರೇ ಊಟಕ್ಕೆ ಹೋಗಿರುವ ಪರಿಸ್ಥಿತಿಗೆ ಇದಕ್ಕಿಂತ ಸರಿಯಾದ ಹಾಡಿಲ್ಲ.

"ಹೇಗಿದೆ ಸರ್?" ಅನ್ನುವ ಪ್ರಶ್ನೆಗೆ ಎರಡು ಹಾಡಿವೆ. 'ಗಿರಿ ಕನ್ಯೆ' ಸಿನಿಮಾದ, ಡಾ. ರಾಜ್ ಹಾಡಿದ 'ಏನೆಂದು ನಾ ಹೇಳಲಿ' ಒಂದು. 1983ರ 'ಪಲ್ಲವಿ ಅನುಪಲ್ಲವಿ'ಯ 'ನಗುವಾ ನಯನ ಮಧುರಾ ಮೌನ' ಇನ್ನೊಂದು. ವಿಮರ್ಶಕರು ಬಾಯಿಬಡುಕರಾಗಿದ್ದರೆ ಮೊದಲನೆಯದು. ಸುಮ್ನೆ ನಕ್ಕು ತಲೆಯಾಡಿಸಿ ಜಾರಿಕೊಳ್ಳುವವರಾಗಿದ್ದರೆ ಎರಡನೆಯದು. ಎರಡೂ ಹಾಕಬೇಡಿ. ಯಾವುದು ಅಂತ ಅವರ ಮನೆಯವರನ್ನು ಕೇಳಿದರೆ ಗೊತ್ತಾಗುತ್ತದೆ, ಅರ್ಧ ಗಂಟೆ ಮಾತಾಡಿ ಅಂದದ್ದು ಅದಕ್ಕೇ.

ಕಾಫಿ, ಬೋಂಡದ ಸರದಿಗೆ ಪುರಂದರದಾಸರ 'ಡೊಂಕು ಬಾಲದ ನಾಯಕರೆ, ನೀವೇನೂಟವ ಮಾಡಿದಿರಿ'. ನಾಯಿಯ ಮೇಲಿನ ಪದ ಇದು. ಅಡುಗೆಮನೆ ಕಡೆ ಹಣಿಕಿ ಇಣಿಕಿ ನೋಡುವುದು, ಒನಕೆಯಲ್ಲಿ ಪೆಟ್ಟು ಬಿದ್ದರೆ ಕುಯ್ ಕುಯ್ ಅನ್ನುವುದು ಎಲ್ಲ ಅದರಲ್ಲಿದೆ. ತುಂಬಾ ಹತ್ತಿರದ ಗೆಳೆಯರಿಗಾದರೆ ಮಾತ್ರ ಹಾಕಿ.

ಅರ್ಥವಾಗದ ಅಮೂರ್ತ ಚಿತ್ರಕ್ಕೆ, ಅಂದರೆ ಮರ, ಮನುಷ್ಯ ಅಂತ ಗುರುತು ಸಿಗದ, ಬರೀ ಬಣ್ಣ ಮತ್ತು ಆಕಾರದ ಚಿತ್ರಕ್ಕೆ, ಜಿ.ಎಸ್. ಶಿವರುದ್ರಪ್ಪನವರ ಎರಡು ಭಾವಗೀತೆಗಳು ಸಾಲಾಗಿ ನಿಂತಿವೆ. ಚಿತ್ರದ ಹೆಸರು 'ಸಾಗರ', ನೀರಿನ ಸುಳಿವೇ ಇಲ್ಲ ಅಂದರೆ 'ಕಾಣದ ಕಡಲಿಗೆ ಹಂಬಲಿಸಿದೆ ಮನ'. ಒಳಾರ್ಥ ಹುಡುಕಿ ಸುಸ್ತಾಗಿದ್ದರೆ 'ಎಲ್ಲೋ ಹುಡುಕಿದೆ ಇಲ್ಲದ ದೇವರ'. ಎರಡನೆಯದೇ ನನಗೆ ಜಾಸ್ತಿ ಇಷ್ಟ.

ಇನ್‌ಸ್ಟಲೇಷನ್‌ಗೆ, ಅಂದರೆ ಗೋಡೆಗೆ ನೇತುಹಾಕದೆ ವಸ್ತುಗಳನ್ನೇ ಕೋಣೆ ತುಂಬ ಜೋಡಿಸಿಡುವ ಕಲೆಗೆ, ಶಿಶುನಾಳ ಶರೀಫರ 'ಕೋಡಗನ ಕೋಳಿ ನುಂಗಿತ್ತ'. ಕೋಳಿ ಕೋತಿಯನ್ನು ನುಂಗುತ್ತದೆ, ಆಡು ಆನೆಯನ್ನು ನುಂಗುತ್ತದೆ, ಗೋಡೆ ಸುಣ್ಣವನ್ನು ನುಂಗುತ್ತದೆ. ಶರೀಫರ ಕಾಲ 1819ರಿಂದ 1889. ಯುರೋಪಿನಲ್ಲಿ ಸರ್ರಿಯಲಿಸಂ, ಅಂದರೆ ಕನಸಿನಲ್ಲಿ ಕಂಡಂಥ ವಿಚಿತ್ರ ಜೋಡಣೆಯ ಕಲೆ, ಹುಟ್ಟಿದ್ದು 1920ರ ದಶಕದಲ್ಲಿ. ಇದನ್ನು ನಿರೂಪಣೆಯಲ್ಲಿ ಹೇಳಿದರೆ ವಿಮರ್ಶಕರೇ ಮೊದಲು ಚಪ್ಪಾಳೆ ತಟ್ಟುತ್ತಾರೆ. ಎಚ್ಚರಿಕೆ: ನಿರೂಪಕರಿಗೆ 'ಕೋ' ದೀರ್ಘ ಅಂತ ಎರಡು ಸಲ ಹೇಳಿ. ಕೋಡಗ ಅಂದರೆ ಕೋತಿ. ಹ್ರಸ್ವ ಮಾಡಿದರೆ ಕೋಳಿ ನಮ್ಮ ಜಿಲ್ಲೆಯನ್ನೇ ನುಂಗಿದ ಹಾಗೆ ಕೇಳಿಸುತ್ತದೆ. ಕೊಡಗಿನ ಸಭೆಯಲ್ಲಿ ಅದಕ್ಕೂ ನಗುತ್ತಾರೆ, ಆದರೆ ನಿಮ್ಮನ್ನು ನೋಡಿ ನಗುತ್ತಾರೆ.

ಉದ್ಘಾಟನೆಯಲ್ಲಿ ಒಬ್ಬರು ತಲೆಯಾಡಿಸಿದರೆಂದು ಎಲ್ಲರೂ ತಲೆಯಾಡಿಸುವ ದೃಶ್ಯಕ್ಕೆ ನಿಸಾರ್ ಅಹಮದರ 'ಕುರಿಗಳು ಸಾರ್ ಕುರಿಗಳು'. ವಿವರಣೆ ಬೇಡ.

ಬೆಲೆಯ ಚೀಟಿಗೆ ಬೇಂದ್ರೆಯವರ 'ಕುರುಡು ಕಾಂಚಾಣ'. ಇಲ್ಲಿ ನಿರೂಪಕರಿಗೆ ಒಂದು ಸಂಗತಿ ಬರೆದುಕೊಡಿ. ಇಟಲಿಯ ಕಲಾವಿದ ಮೌರಿಜಿಯೊ ಕ್ಯಾಟೆಲಾನ್ 2019ರಲ್ಲಿ ಒಂದು ಬಾಳೆಹಣ್ಣನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಪ್ರದರ್ಶನಕ್ಕಿಟ್ಟ. 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಆ ಕೃತಿ 62 ಲಕ್ಷ ಡಾಲರಿಗೆ ಹೋಯಿತು. ಕಾಫಿ ತೋಟದ ಬದಿಯಲ್ಲಿ ಬಾಳೆ ಬೆಳೆಯುವವರು ಸಭೆಯಲ್ಲಿ ಇದ್ದೇ ಇರುತ್ತಾರೆ. ಅವರ ಮುಖ ನೋಡಿಯೇ ಉಳಿದವರು ನಗುತ್ತಾರೆ.

ಬರೆಯಲು ಕೂತಾಗ 'ಅನಿಸುತಿದೆ ಯಾಕೋ ಇಂದು'. ವಿಮರ್ಶೆಯ ಅರ್ಧಕ್ಕರ್ಧ ವಾಕ್ಯ "ನನಗೆ ಅನಿಸುವುದೇನೆಂದರೆ" ಅಂತಲೇ ಶುರುವಾಗುತ್ತದೆ, ಯಾಕೆ ಹಾಗೆ ಅನಿಸಿತು ಅಂತ ಮಾತ್ರ ಕೆಲವರು ಹೇಳುವುದೇ ಇಲ್ಲ. 'ಮುಂಗಾರು ಮಳೆ'ಯ ಕತೆ ಮಡಿಕೇರಿಯಲ್ಲೇ ನಡೆಯುವುದರಿಂದ ಈ ಹಾಡಿಗೆ ಇಲ್ಲಿ ಯಾವತ್ತೂ ಒಂದು ಶಿಳ್ಳೆ ಗ್ಯಾರಂಟಿ.

ಗೌರವಧನಕ್ಕೆ ಕನಕದಾಸರ 'ಎಲ್ಲಾರು ಮಾಡುವುದು ಹೊಟ್ಟೆಗಾಗಿ, ಗೇಣು ಬಟ್ಟೆಗಾಗಿ'.

ಕಟುವಾಗಿ ಬರೆದ ವಿಮರ್ಶೆಗೆ ಮತ್ತೆ ಶರೀಫರೇ: 'ತರವಲ್ಲ ತಗಿ ನಿನ್ನ ತಂಬೂರಿ, ಸ್ವರ ಬರದೆ ಬಾರಿಸದಿರು ತಂಬೂರಿ'. ಒಂದೇ ಸಾಲಿನಲ್ಲಿ ಇಡೀ ವಿಮರ್ಶೆ ಮುಗಿಯಿತು. ಪದಮಿತಿ ಮೀರುವ ವಿಮರ್ಶಕರಿಗೆ ಇದನ್ನು ಎರಡು ಸಲ ಹಾಕಬೇಕು.

ಕಲಾವಿದರಿಗೂ ವಿಮರ್ಶಕರಿಗೂ ಇರುವ ನಂಟಿಗೆ ಪಂಜೆ ಮಂಗೇಶರಾಯರ 'ನಾಗರಹಾವೆ, ಹಾವೊಳು ಹೂವೆ'. ಮಕ್ಕಳ ಪದ್ಯ ಅಂತ ಬಿಟ್ಟುಬಿಡಬೇಡಿ. ಶುರುವಿನಲ್ಲಿ ಕೈಮುಗಿದು, ಹಾಲು ಕೊಡುತ್ತೇನೆ 'ಬಾ ಬಾ' ಅಂತ ಕರೆಯುತ್ತದೆ. ಅದು ಪ್ರದರ್ಶನದ ಆಮಂತ್ರಣ. ಕೊನೆಗೆ 'ಈಗಲೆ ಹೊರಗೆ ಪೋ ಪೋ' ಅನ್ನುತ್ತದೆ. ಅದು ವಿಮರ್ಶೆ ಓದಿದ ಮರುದಿನದ ಫೋನು. ಶಾಲೆ ಮಕ್ಕಳಿಂದ ಹಾಡಿಸಿದರೆ ಇನ್ನೂ ಚೆನ್ನ.

3. ಸೋಸಿ

ಈಗ ನಿಮ್ಮ ಹತ್ತಿರ ಹದಿನೈದು ಇಪ್ಪತ್ತು ಹಾಡು ಇರುತ್ತವೆ. ಅರ್ಧ ಕಿತ್ತುಹಾಕಬೇಕು.

ಮೊದಲನೇ ಜರಡಿ, ಇಡೀ ಹಾಡಿನ ಅರ್ಥ. ಪಲ್ಲವಿ ತಮಾಷೆಯಾಗಿ ಹೊಂದಿದರೂ ಹಾಡು ಒಟ್ಟಾಗಿ ಏನು ಹೇಳುತ್ತದೆ ಅಂತ ಒಮ್ಮೆ ಓದಿ. ನಾನೇ ಇಲ್ಲಿ ಬಿದ್ದಿದ್ದೇನೆ. ಬೇಜಾರಿನ ಪ್ರದರ್ಶನದಲ್ಲಿ ನಿಂತ ವಿಮರ್ಶಕರಿಗೆ ಪುರಂದರದಾಸರ 'ಅಲ್ಲಿದೆ ನಮ್ಮ ಮನೆ, ಇಲ್ಲಿ ಬಂದೆ ಸುಮ್ಮನೆ' ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಒಂದು ಎಪ್ಪತ್ತರ ಹುಟ್ಟುಹಬ್ಬದಲ್ಲಿ ಹಾಕಿದೆ. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಎದ್ದು ಬಂದು, ಏನೂ ಮಾತಾಡದೆ, ಸ್ಪೀಕರಿನ ವಯರ್ ಕಿತ್ತರು. ದಾಸರ 'ಅಲ್ಲಿ' ಅಂದರೆ ಈ ಲೋಕದ ಆಚೆ. ಎಪ್ಪತ್ತು ತುಂಬಿದವರಿಗೆ ಕೇಳಿಸುವ ಹಾಡಲ್ಲ ಅದು.

ಎರಡನೇ ಜರಡಿ, ಬೈಗುಳ. ವಿಮರ್ಶಕರ ಮೇಲೆ ಕನ್ನಡದಲ್ಲಿ ಬರೆದಿಟ್ಟ ಹಾಗೆ ಕಾಣುವ ಪದಗಳು ಎರಡು, ಎರಡೂ ಪುರಂದರದಾಸರವು. 'ಆಚಾರವಿಲ್ಲದ ನಾಲಿಗೆ' ಒಂದು. ಪರರನ್ನು ದೂಷಿಸಲೆಂದೇ ಚಾಚಿಕೊಂಡಿರುವ ನಾಲಿಗೆ ಅಂತ ಅದರಲ್ಲೇ ಬರುತ್ತದೆ. ಇನ್ನೊಂದು 'ನಿಂದಕರಿರಬೇಕು'. ಹಂದಿ ಇದ್ದರೆ ಕೇರಿ ಹೇಗೆ ಶುದ್ಧವೋ ಹಾಗೆ ಊರಿಗೆ ನಿಂದಕರು ಇರಬೇಕು ಅನ್ನುತ್ತಾರೆ ದಾಸರು. ಹಾಕಬಹುದಾ? ಹಾಕಬಹುದು, ಒಂದನ್ನು. ನಿಂದಕರು ಬೇರೆ, ವಿಮರ್ಶಕರು ಬೇರೆ ಅಂತ ನಿರೂಪಕರು ಮೊದಲು ಒಂದು ಮಾತು ಹೇಳಬೇಕು. ಹಂದಿ ಅಂದರೆ ಬೇರೆ ಊರಲ್ಲಿ ಕೇರಿ ನೆನಪಾಗಬಹುದು. ಇಲ್ಲಿ ಹಂದಿ ಸಾರಿಗೆ ಹಾಕುವ ಹುಳಿ, ಕಾಚಂಪುಳಿ, ನೆನಪಾಗುತ್ತದೆ. ಹಾಗಾಗಿ ಕೊಡಗಿನಲ್ಲಿ ಆ ಸಾಲಿನ ಚುರುಕು ಅರ್ಧ ಇಳಿಯುತ್ತದೆ, ಬಾಯಲ್ಲಿ ನೀರು ಬರುತ್ತದೆ. ಒಳ್ಳೆಯದೇ ಆಯಿತು.

ಬೈಗುಳ ಸಹಿಸದವರ ಮುಂದೆ ಒಂದು ಸಂಗತಿ ಇಟ್ಟುಕೊಂಡಿರಿ. ಇಂಗ್ಲೆಂಡಿನಲ್ಲಿ 1877ರಲ್ಲಿ ಜಾನ್ ರಸ್ಕಿನ್ ಎಂಬ ದೊಡ್ಡ ವಿಮರ್ಶಕ, ವಿಸ್ಲರ್ ಎಂಬ ಕಲಾವಿದ ಜನರ ಮುಖಕ್ಕೆ ಬಣ್ಣದ ಡಬ್ಬಿ ಎರಚಿದ್ದಾನೆ ಅಂತ ಬರೆದ. ವಿಸ್ಲರ್ ಮಾನನಷ್ಟದ ಕೇಸು ಹಾಕಿ ಮರುವರ್ಷ ಗೆದ್ದ. ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಈ ಕತೆ ಹೇಳಿ 'ಆಚಾರವಿಲ್ಲದ ನಾಲಿಗೆ' ಹಾಕಿದರೆ ಪೆಟ್ಟು ರಸ್ಕಿನ್‌ಗೆ ಬೀಳುತ್ತದೆ, ನಿಮ್ಮ ಅತಿಥಿ ಬಚಾವ್.

ಮೂರನೇ ಜರಡಿ ಚಿಕ್ಕದು. ಊರಿನ ಯಾವುದೋ ಕಲಾವಿದರನ್ನು ಗೇಲಿ ಮಾಡುವ ಜೋಡಿ ಇದ್ದರೆ ತೆಗೆಯಿರಿ. ಅವರೂ ಸಭೆಯಲ್ಲಿ ಇರುತ್ತಾರೆ. ಕೊಡಗು ಚಿಕ್ಕ ಜಿಲ್ಲೆ.

4. ಊರಿನದೊಂದು ಹಾಡು ಇರಲಿ

ಒಂದೇ ಹಾಡು ಹಾಕಲು ಅವಕಾಶ ಇದ್ದರೆ ನಾನು ಜಿ.ಪಿ. ರಾಜರತ್ನಂ ಅವರ 'ಮಡಿಕೇರೀಲಿ ಮಂಜು' ಹಾಕುತ್ತೇನೆ. ಹಳ್ಳ, ದಿಣ್ಣೆ ಯಾವುದೂ ಕಾಣದ ಹಾಗೆ ಎಲ್ಲ ಬೆಳ್ಳಗೆ ಮುಚ್ಚಿದ ಮಂಜಿನ ಪದ್ಯ. ಬಿಳಿ ಕ್ಯಾನ್ವಾಸಿನ ಎದುರು ಕಾಲು ಗಂಟೆ ನಿಂತು ಟಿಪ್ಪಣಿ ಬರೆದುಕೊಳ್ಳುವ ವಿಮರ್ಶಕರಿಗೆ ಬೇರೇನು ಬೇಕು? ರಷ್ಯಾದ ಮಾಲೆವಿಚ್ 1918ರಲ್ಲಿ ಬಿಳಿಯ ಮೇಲೆ ಬಿಳಿ ಚೌಕ ಬರೆದು ಹೆಸರಾದ. ಜುಲೈ ತಿಂಗಳಲ್ಲಿ ರಾಜಾ ಸೀಟಿಗೆ ಹೋಗಿ ನಿಂತರೆ ಅದೇ ಚಿತ್ರ ದಿನಾ ಕಾಣುತ್ತದೆ.

ಮಂಜಿನ ಜೊತೆ ಇನ್ನೊಂದು ಕತೆಯೂ ಹೊಂದುತ್ತದೆ. 1874ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಕ್ಲೋದ್ ಮೊನೆ ಎಂಬ ಕಲಾವಿದನ, ಮಂಜು ಮುಸುಕಿದ ಬಂದರಿನ ಚಿತ್ರ ನೋಡಿ ಲೂಯಿ ಲೆರೊಯ್ ಎಂಬ ವಿಮರ್ಶಕ, ಚಿತ್ರದ ಹೆಸರಲ್ಲೇ ಇದ್ದ 'ಇಂಪ್ರೆಷನ್' ಅನ್ನುವ ಪದ ಹಿಡಿದು ಗೇಲಿ ಮಾಡಿದ. ಆ ಗೇಲಿಯೇ ಇಂಪ್ರೆಷನಿಸಂ ಅಂತ ಇಡೀ ಪಂಥಕ್ಕೆ ಹೆಸರಾಗಿ ಉಳಿಯಿತು. ನಿಮ್ಮ ವಿಮರ್ಶಕರು ಯಾರಿಗಾದರೂ ಹೀಗೆ ಹೆಸರಿಟ್ಟು ಪೇಚಿಗೆ ಸಿಕ್ಕಿದ್ದರೆ ಇಲ್ಲಿ ನೆನಪಿಸಿ.

ಪಂಜೆಯವರು ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಅವರ 'ಹುತ್ತರಿಯ ಹಾಡು' ಇಲ್ಲಿ ಎಲ್ಲರಿಗೂ ಬಾಯಿಪಾಠ. ಅದರಲ್ಲಿ ಬರುವ 'ಅಲ್ಲೆ ಆ ಕಡೆ ನೋಡಲಾ' ಅನ್ನುವ ಸಾಲು ಗ್ಯಾಲರಿಯಲ್ಲಿ ಕೈ ತೋರಿಸಿ ವಿವರಿಸುವವರಿಗೆ ಹೊಂದುತ್ತದೆ, ನಿಜ. ಆದರೆ ಹುಷಾರು. ನಾಡಿನ ಮೇಲಿನ ಪ್ರೀತಿಯ ಹಾಡದು. ಸಾಲು ಬದಲಿಸಿ ಅಣಕ ಮಾಡಬೇಡಿ. ಕೊನೆಯಲ್ಲಿ ಗೌರವದಿಂದ, ಪೂರ್ತಿಯಾಗಿ ಹಾಡಿಸಿ. ದುಡಿ ಬಾರಿಸುತ್ತ ಕೊಡವರು ಹಾಡುವ ಜನಪದ ಹಾಡು ಬಾಳೊಪಾಟನ್ನೂ ತಮಾಷೆಗೆ ಎಳೆಯಬೇಡಿ. ಕೊಡವ ಭಾಷೆಯ ಅಥವಾ ಅರೆಭಾಷೆಯ ಹಾಡು ಬೇಕಿದ್ದರೆ ಆ ಭಾಷೆ ಮನೆಯಲ್ಲಿ ಮಾತಾಡುವ ಹಿರಿಯರೊಬ್ಬರನ್ನು ಕೇಳಿಯೇ ಆರಿಸಿ.

ಕೆಲವರು ಕೇಳಿದ್ದಾರೆ, ನಮ್ಮೂರಲ್ಲಿ ಕಲಾ ವಿಮರ್ಶಕರೇ ಇಲ್ಲವಲ್ಲ ಅಂತ. ಯಾಕಿಲ್ಲ? ಮಡಿಕೇರಿ ದಸರಾದ ದಶಮಂಟಪಗಳಿಗೆ, ಅಂದರೆ ರಾತ್ರಿ ಮೆರವಣಿಗೆಯಲ್ಲಿ ಬರುವ ಹತ್ತು ದೇವಸ್ಥಾನಗಳ ಮಂಟಪಗಳಿಗೆ, ತೀರ್ಪು ಕೊಡುವವರು ಮತ್ಯಾರು? ರಾತ್ರಿಯಿಡೀ ಚಳಿಯಲ್ಲಿ ನಿಂತು ಲೈಟು, ಚಲಿಸುವ ಮೂರ್ತಿ, ಕತೆ ಎಲ್ಲಕ್ಕೂ ಅಂಕ ಹಾಕಿ, ಬಹುಮಾನ ಬಾರದ ಮಂಟಪದವರ ಕಣ್ಣು ತಪ್ಪಿಸಿ ಮನೆ ಸೇರಬೇಕು. ಅವರಿಗೆ ಶರೀಫರ 'ಬಿದ್ದೀಯಬ್ಬೆ ಮುದುಕಿ' ಸಾಕು.

5. ಜೋಡಿಸಿ

ಎಂಟು ಹಾಡು. ಹತ್ತು ದಾಟಬೇಡಿ. ಪಲ್ಲವಿ ಮತ್ತು ಒಂದು ಚರಣ ಮಾತ್ರ ಹಾಕಿ, ಧ್ವನಿ ನಿಧಾನ ಇಳಿಸಿ ನಿಲ್ಲಿಸಿ. ಒಟ್ಟು ಅರ್ಧ ಗಂಟೆ. ವಿಮರ್ಶಕರ ದಿನದ ಕ್ರಮದಲ್ಲೇ ಜೋಡಿಸಿದರೆ ತಾನಾಗಿ ಕತೆಯಾಗುತ್ತದೆ: ರಾಯರು ಬಂದರು, ನೋಡಿದರು, ತಿಂದರು, ಬರೆದರು, ಬೈಸಿಕೊಂಡರು.

ಪ್ರತಿ ಹಾಡಿನ ಮೊದಲು ನಿರೂಪಕರು ಒಂದೇ ವಾಕ್ಯ ಹೇಳಲಿ. "ಪ್ರದರ್ಶನ ಐದಕ್ಕೆ. ಬಸ್ಸು ಹುಣಸೂರಿನಲ್ಲಿ ಪಂಕ್ಚರ್." ಇಷ್ಟೇ. ಆಮೇಲೆ ಹಾಡು. ಜೋಕನ್ನು ವಿವರಿಸಿದರೆ ಸತ್ತುಹೋಗುತ್ತದೆ. ಬಾಳೆಹಣ್ಣು, ಫಾರ್ದಿಂಗ್ ಥರದ ಸಂಗತಿ ಎರಡು ಕಡೆ ಮಾತ್ರ ಇರಲಿ, ಇಲ್ಲದಿದ್ದರೆ ಉಪನ್ಯಾಸ ಆಗುತ್ತದೆ.

ನಡುವೆ ಒಂದು ಕಡೆ ನಗು ನಿಲ್ಲಿಸಿ. ಡಿ.ವಿ.ಜಿ. ಅವರ ಅಂತಃಪುರ ಗೀತೆಗಳಲ್ಲಿ ಒಂದನ್ನು, 'ಏನೀ ಮಹಾನಂದವೇ' ಆದರೂ ಸರಿ, ಪೂರ್ತಿ ಹಾಕಿ. ಬೇಲೂರಿನ ದೇವಸ್ಥಾನದ ಶಿಲಾಬಾಲಿಕೆಯರನ್ನು ನೋಡಿ ಬರೆದ ಪದಗಳು ಅವು. ಕಲ್ಲನ್ನು ಕಣ್ಣಿಟ್ಟು ನೋಡಿ, ಕಂಡದ್ದನ್ನು ಮಾತಿಗೆ ತಂದದ್ದು. ಇಡೀ ದಿನ ಕಾಲೆಳೆಸಿಕೊಂಡ ವಿಮರ್ಶಕರಿಗೆ ಅದು ಅರ್ಥವಾಗುತ್ತದೆ.

6. ಕಾರ್ಯಕ್ರಮದ ದಿನ

ಮಳೆಗಾಲವಾದರೆ ಹಾಲ್‌ನ ಮಾಡು ಶೀಟಿನದಾ ಅಂತ ಮೊದಲೇ ನೋಡಿ ಬನ್ನಿ. ಶೀಟಿನ ಮೇಲೆ ನಮ್ಮ ಮಳೆ ಸುರಿದರೆ ಯಾವ ಸ್ಪೀಕರೂ ಕೇಳಿಸುವುದಿಲ್ಲ. ಅಂಥ ಕಡೆ ಮೆಲುದನಿಯ ಭಾವಗೀತೆ ಬಿಟ್ಟು ಶರೀಫರ ಪದ ಜಾಸ್ತಿ ಇಟ್ಟುಕೊಳ್ಳಿ. 'ಸೋರುತಿಹುದು ಮನೆಯ ಮಾಳಿಗಿ' ಒಂದನ್ನು ಕೈಯಲ್ಲಿ ಹೆಚ್ಚುವರಿ ಇಟ್ಟಿರಿ. ನಿಜಕ್ಕೂ ಸೋರಿದರೆ ಅದೇ ಆ ದಿನದ ದೊಡ್ಡ ಹಿಟ್.

ನೆಟ್‌ವರ್ಕ್ ನಂಬಬೇಡಿ. ಎಲ್ಲ ಹಾಡನ್ನೂ ಫೋನಿಗೆ ಇಳಿಸಿಕೊಂಡು, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ 'ಮಧುರಾ ಮೌನ' ಅನ್ನುವಾಗಲೇ ನಿಮ್ಮ ಚಿಕ್ಕಪ್ಪನ ಫೋನು ಬರುತ್ತದೆ. ಕರೆಂಟು ಹೋಗುತ್ತದೆ ಅಂತಲೇ ಲೆಕ್ಕ ಹಾಕಿ ಬ್ಯಾಟರಿ ಸ್ಪೀಕರ್ ತನ್ನಿ. ಹಾಡಲು ಬರುವವರು ಇಬ್ಬರು ಸಭೆಯಲ್ಲಿದ್ದರೆ ಇನ್ನೂ ವಾಸಿ, ದಾಸರ ಪದಕ್ಕೆ ತಾಳ ಒಂದಿದ್ದರೆ ಆಯಿತು. ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುವ ಯೋಚನೆ ಇದ್ದರೆ ಸಿನಿಮಾ ಹಾಡಿಗೆ ಹಕ್ಕುಸ್ವಾಮ್ಯದ ತಕರಾರು ಬರಬಹುದು. ನೀವೇ ಹಾಡಿದ ಶರೀಫರ, ದಾಸರ ಪದಗಳಿಗೆ ಆ ತೊಂದರೆ ಕಡಿಮೆ.

ಕೊನೆಯ ಹಾಡಾದ ಮೇಲೆ ಹದಿನೈದು ನಿಮಿಷ ಖಾಲಿ ಬಿಡಿ. ವಿಮರ್ಶಕರು ಮೈಕ್ ಕೇಳಿಯೇ ಕೇಳುತ್ತಾರೆ. ನಿಮ್ಮ ಪಟ್ಟಿಯಲ್ಲಿ ಯಾವ ಹಾಡು ಎಲ್ಲಿ ತಪ್ಪಿ ಕೂತಿದೆ, ಯಾವುದು ಹಳಸಲು, ನಿರೂಪಣೆ ಎಲ್ಲಿ ಉದ್ದವಾಯಿತು ಅಂತ ಒಂದೊಂದಾಗಿ ಹೇಳುತ್ತಾರೆ. ಎದುರು ಮಾತಾಡದೆ ಬರೆದುಕೊಳ್ಳಿ. ಹದಿನೈದು ನಿಮಿಷ ದಾಟಿದರೆ ವಾಲಗದವರಿಗೆ ಕಣ್ಸನ್ನೆ ಮಾಡಿ.